ಉಗ್ರಾಣದ ಕೀಲಿ

ಇಷ್ಟು ವರ್ಷ ನಾನು ಕೈಯಲ್ಲಿ ಬರೆದಿಟ್ಟ ಸಂಘದ ಸದಸ್ಯರ ಪಟ್ಟಿಯನ್ನು ನೀವೀಗ ಕಂಪ್ಯೂಟರಿಗೆ ಏರಿಸುತ್ತಿದ್ದೀರಿ, ಸಂತೋಷ ಮಕ್ಕಳೇ. ಒಂದೇ ಮಾತು: ನಿಮ್ಮ ಲಾಗಿನ್ ಪುಟ ಡೇಟಾಬೇಸಿನೊಳಗೆ 'ರೂಟ್' ಹೆಸರಿನಲ್ಲಿ ಹೋಗದಿರಲಿ. ಮೈಎಸ್‌ಕ್ಯೂಎಲ್‌ನಲ್ಲಿ ರೂಟ್ ಎಂದರೆ ಮನೆಯ ಯಜಮಾನ. ಆ ಹೆಸರಿನಲ್ಲಿ ಕಳ್ಳ ನುಸುಳಿದನೋ, ಒಂದು 'ಡ್ರಾಪ್' ಆಜ್ಞೆಗೆ ಪಟ್ಟಿಯೇ ಮಾಯ! ಪುಟಕ್ಕೆಂದೇ ಬೇರೊಂದು ಖಾತೆ ಮಾಡಿ, 'ಗ್ರಾಂಟ್' ಆಜ್ಞೆಯಿಂದ ಓದುವ, ಸೇರಿಸುವ, ತಿದ್ದುವ ಹಕ್ಕನ್ನಷ್ಟೇ ಕೊಡಿ. ಮದುವೆ ಮನೆಯಲ್ಲಿ ಅಡಿಗೆಯವರಿಗೆ ಉಗ್ರಾಣದ ಕೀಲಿ ಕೊಡುತ್ತೇವೆ, ಒಡವೆ ಪೆಟ್ಟಿಗೆಯದಲ್ಲ. (ಸಾಲ್ಟ್‌ಜರ್, ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿ ಬರೆದದ್ದೂ ಇದನ್ನೇ, ನಮ್ಮಜ್ಜಿಯರಿಗೆ ಮೊದಲೇ ಗೊತ್ತಿತ್ತು!) ಸದಸ್ಯರ ಪಾಸ್‌ವರ್ಡುಗಳನ್ನೂ ಇದ್ದ ಹಾಗೇ ಇಡಬೇಡಿ. 'ಬಿಕ್ರಿಪ್ಟ್'ನಂಥದರಲ್ಲಿ ಬೀಸಿ ಇಡಿ, ಹಿಟ್ಟು ಮತ್ತೆ ಕಾಳಾಗದು. ಆ ಪಟ್ಟಿಯಲ್ಲಿ ಒಂಟಿಯಾಗಿರುವ ಎಷ್ಟೋ ಹಿರಿಯರ ಮನೆ ವಿಳಾಸ, ಫೋನ್ ನಂಬರುಗಳಿವೆ.