ಸಂಗಮಕ್ಕೆ ಹೊರಟಿರಾ? ಮೊದಲು ಬ್ರೇಕ್ ನೋಡಿ

ಮೈಸೂರಿನಿಂದ ತಿ. ನರಸೀಪುರಕ್ಕೆ ಸುಮಾರು 30 ಕಿ.ಮೀ. ಭಾನುವಾರ ನಸುಕಲ್ಲೇ ರೋಡ್ ಬೈಕ್ ಹತ್ತಿದರೆ ಕಾವೇರಿ–ಕಪಿಲಾ ಸಂಗಮ ನೋಡಿ, ಗುಂಜಾ ನರಸಿಂಹಸ್ವಾಮಿಗೆ ಕೈಮುಗಿದು, ಬಿಸಿಲೇರುವ ಮುನ್ನ ವಾಪಸಾಗಬಹುದು.

ಚಾಮುಂಡಿ ಬೆಟ್ಟದಂಥ ಏರು ಈ ದಾರಿಯಲ್ಲಿಲ್ಲ. ಹಾಗಾಗಿ ದುಬಾರಿ ಗೇರ್‌ಸೆಟ್‌ಗೆ ಅವಸರ ಬೇಡ, ದುಡ್ಡು ಮೊದಲು ಬ್ರೇಕ್‌ಗೆ ಹಾಕಿ. ರಿಮ್ ಬ್ರೇಕ್ ಆದರೆ ರಬ್ಬರಿನ ಗೀರುಗಳು ಸವೆದಿವೆಯಾ ನೋಡಿ. ಹೊಸ ರಬ್ಬರ್, ಹೊಸ ಕೇಬಲ್ ಹಾಕಿಸಿದರೆ ಹಳೇ ಬೈಕೂ ಹೇಳಿದಲ್ಲಿ ನಿಲ್ಲುತ್ತೆ.

ಸುಗ್ಗಿ ಕಾಲದಲ್ಲಂತೂ ರಸ್ತೆ ಮೇಲೇ ಒಕ್ಕಣೆ. ಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತೆ. ಮುಂಚೆಯೇ ವೇಗ ಇಳಿಸಿ. ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಪೆಡಲ್ ತುಳಿಯಬೇಡಿ, ಡಿರೈಲರ್ ಮುರಿದೀತು. ಇಳಿದು ಕೈಯಲ್ಲೇ ಬಿಡಿಸಿ. ಅಷ್ಟರಲ್ಲಿ ಒಕ್ಕಣೆಯವರು ‘ಯಾವೂರು?’ ಅಂತ ಮಾತಿಗೆಳೀತಾರೆ.