ಎಣ್ಣಿ ಸೋವಿ ಆತಂತ, ಯಾರಿಗೆ?

2025ರಾಗ ಮಳಿ ಮೇ ತಿಂಗಳು ಮುಗಿಯೂಕಿಂತ ಮೊದಲ ಬಂದು ಕುಂತಿತ್ತು. ನಮ್ಮ ಮನ್ಯಾಗಂತೂ ಮಾಳಗಿ ಮ್ಯಾಲ ಹಾಕಿದ ಸಂಡಿಗಿ ಅರ್ಧಾ ಒಣಗಿ, ಅರ್ಧಾ ಹಸೇನ ಒಳಗ ಬಂದಿದ್ವು. ನಿಮ್ಮವೂ ಹಂಗ ಆಗಿರಬೇಕು. ಸಂಡಿಗಿ ಕರಿಲಿಕ್ಕೆ ಎಣ್ಣಿ ಬೇಕಲ್ಲಾ, ಇವತ್ತು ಆ ಎಣ್ಣಿ ಮಾತ ಆಡೂಣು.

ಆ 2025ರ ಮೇ ತಿಂಗಳ ಕಡೀಕ ಪೇಪರಿನ್ಯಾಗ ಎರಡು ಸುದ್ದಿ ಬಂದಿದ್ವು. ಒಂದು ಮೇ 28ರದ್ದು. ಆ ವರ್ಷದ ಮುಂಗಾರಿನ ಬೆಳಿಗಳಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಹೇಳಿತು. ಸೋಯಾಬೀನಿಗೆ ಕ್ವಿಂಟಲ್‌ಗೆ 5,328 ರೂಪಾಯಿ, ಅದರ ಹಿಂದಿನ ವರ್ಷಕ್ಕಿಂತ 436 ಜಾಸ್ತಿ. ಇನ್ನೊಂದು ಅದಾದ ಎರಡ ದಿನಕ್ಕ, ಮೇ 30ಕ್ಕ. ಹೊರದೇಶದಿಂದ ಬರೂ ಕಚ್ಚಾ ತಾಳೆ ಎಣ್ಣಿ, ಸೋಯಾ ಎಣ್ಣಿ, ಸೂರ್ಯಕಾಂತಿ ಎಣ್ಣಿ ಮ್ಯಾಲಿನ ಮೂಲ ಆಮದು ಸುಂಕ ನೂರಕ್ಕ 20 ಇದ್ದದ್ದು 10ಕ್ಕ ಇಳೀತು. ಮೊದಲನೇ ಸುದ್ದಿ ಬೆಳಿಯೂ ಮಂದಿಗೆ, ಎರಡನೇದು ಕೊಳ್ಳೂ ಮಂದಿಗೆ ಅಂತ ಓದಿದವರಿಗೆ ಅನಸ್ತೈತಿ. ನಾ ತವರಿನ ಕಡೆಯಿಂದ ಒಕ್ಕಲಿಗರ ಮಗಳು, ಇಲ್ಲಿ ಧಾರವಾಡದಾಗ ಕಿರಾಣಿ ಚೀಟಿ ಬರಿಯೂ ಸೊಸಿ. ಹಿಂಗಾಗಿ ಎರಡೂ ಸುದ್ದಿ ನನ್ನವ. ಎರಡನ್ನೂ ಒಂದ ತಕ್ಕಡ್ಯಾಗ ಇಟ್ಟು ತೂಗಬೇಕು ಅನಿಸಿತು.

ಮೊದಲು ನಮ್ಮ ಮನಿ ಲೆಕ್ಕ ಹೇಳ್ತೀನಿ. ನಾವು ನಾಕು ಮಂದಿ. ತಿಂಗಳಿಗೆ ನಾಕು ಲೀಟರ್ ಎಣ್ಣಿ ಹೋಗ್ತೈತಿ, ಹಬ್ಬ ಇದ್ರ ಐದು. ಸುಂಕ ಇಳಿದು ಲೀಟರಿಗೆ ಹತ್ತು ರೂಪಾಯಿ ಕಡಿಮಿ ಆತು ಅಂತ ಹಿಡೀರಿ. ತಿಂಗಳಿಗೆ ನಲವತ್ತು ರೂಪಾಯಿ ಉಳೀತು. ವರ್ಷಕ್ಕ 480. ಉಳಿದ್ರ ಛಲೋನ, ಆದ್ರ ಉಳೀಲಿಲ್ಲಂದ್ರ ನಮ್ಮ ಮನಿ ಒಲಿ ಏನೂ ಆರೂದಿಲ್ಲ.

ಇನ್ನ ನಮ್ಮ ಓಣಿ ತುದ್ಯಾಗ ಭಜಿ ಗಾಡಿ ಅಕ್ಕ. ನಿಮಗೆಲ್ಲಾ ಗೊತ್ತಿದ್ದಾಕಿನ. ಮಿರ್ಚಿ, ಗಿರ್ಮಿಟ್, ಸಂಜಿಗೆ ಒಂದಿಷ್ಟು ಉಳ್ಳಾಗಡ್ಡಿ ಭಜಿ. ದಿನಕ್ಕ ಎರಡು ಲೀಟರ್ ಎಣ್ಣಿ ಬೇಕು. ತಿಂಗಳದಾಗ 26 ದಿನ ಗಾಡಿ ಹಚ್ಚಿದ್ರ ಹತ್ತು ರೂಪಾಯಿ ಹೆಚ್ಚು ಕಡಿಮಿ ಅಂದ್ರ ಆಕಿಗೆ 520 ರೂಪಾಯಿ. 2024ರ ಸೆಪ್ಟೆಂಬರಿನ್ಯಾಗ ಸುಂಕ ಒಮ್ಮೆಲೇ ಏರಿದಾಗ, ದಸರಾ ಹಬ್ಬದ ಮುಂದ, ಲೀಟರಿಗೆ ಇಪ್ಪತ್ತು ರೂಪಾಯಿ ಮ್ಯಾಲ ತುಟ್ಟಿ ಆಗಿತ್ತು. ಆಗ ಆಕಿ ಅಂದದ್ದು ನನಗ ಇನ್ನೂ ನೆನಪೈತಿ. "ಅಕ್ಕಾರ, ಪ್ಲೇಟಿಗೆ ಐದು ರೂಪಾಯಿ ಏರಿಸಿದ್ರ ಕಾಲೇಜ್ ಹುಡುಗೂರು ಮುಂದಿನ ಗಾಡಿಗೆ ಹೋಗ್ತಾರ್ರೀ. ಅದಕ್ಕ ಮೆಣಸಿನಕಾಯಿ ಸಣ್ಣೂವ ಆರಿಸಿ ತರಾಕ್ಹತ್ತೀನಿ." ಕಿರಾಣಿ ಅಂಗಡಿಯವ ದರ ಏರಿಸಿದ್ರ ನಾವು ಗೊಣಗಿ ಕೊಡ್ತೀವಿ. ಆಕಿ ಏರಿಸಿದ್ರ ಗಿರಾಕಿನ ಇರೂದಿಲ್ಲ. ಏರಿದ್ದನ್ನೆಲ್ಲಾ ತನ್ನ ಉಡಿಯಾಗ ಹಾಕ್ಕೋಬೇಕು.

ಮೂರನೇದು ತವರುಮನಿ. ನವಲಗುಂದದ ಕಡೆ ಎರಿ ಹೊಲ. ಅಣ್ಣಗ ಮಂಡಿನೋವು, ಹಿಂಗಾಗಿ ಲೆಕ್ಕಪತ್ರ, ಆಳು-ಕಾಳು ಎಲ್ಲಾ ವೈನಿನ ನೋಡ್ತಾರ. 2024ರಾಗ ನಾಕು ಎಕರೆ ಸೋಯಾಬೀನ್ ಹಾಕಿದ್ರು. ಎಕರೆಗೆ ಏಳು ಕ್ವಿಂಟಲ್‌ನಂಗ 28 ಕ್ವಿಂಟಲ್ ಬಂತು. ಅವತ್ತಿನ ಬೆಂಬಲ ಬೆಲೆ 4,892. ಆದ್ರ ಖರೀದಿ ಕೇಂದ್ರದಾಗ ಪಾಳಿ ಉದ್ದ, ಕಾಳಿನ್ಯಾಗ ಹಸಿ ಜಾಸ್ತಿ ಐತಿ ಅಂತ ವಾಪಸ್ ಕಳಿಸಿದ್ರಂತ. ಹಿಂಗಾರಿ ಬೀಜ ತರಬೇಕು, ಆಳಿನ ಪಗಾರ ಕೊಡಬೇಕು, ಎಷ್ಟ ದಿನ ಕಾಯ್ತಾರ? ಪೇಟ್ಯಾಗ 4,200ಕ್ಕ ಕೊಟ್ಟು ಬಂದ್ರು. ಕ್ವಿಂಟಲ್‌ಗೆ 692 ರೂಪಾಯಿ ಹೋತು. 28 ಕ್ವಿಂಟಲ್‌ಗೆ ಗುಣಾಕಾರ ಮಾಡ್ರಿ: 19,376 ರೂಪಾಯಿ. "ನಿನ್ನ ಸೋದರಸೊಸಿದು ಹಾಸ್ಟೆಲ್ ಫೀ ಇಷ್ಟ ಇತ್ತವಾ" ಅಂದ್ರು ವೈನಿ, ಅಷ್ಟ. ಅಳಲಿಲ್ಲ, ಬೈಲಿಲ್ಲ.

ಈಗ ನೋಡ್ರಿ. ನನಗ ವರ್ಷಕ್ಕ 480 ಉಳಿಯೂ ಮಾತು, ಭಜಿ ಅಕ್ಕಗ ಆರು ಸಾವಿರದ ಮಾತು, ವೈನಿಗೆ ಹತ್ತೊಂಬತ್ತು ಸಾವಿರ ಕಳಕೊಂಡ ಮಾತು. ಅದೂ ಸುಂಕ ಮ್ಯಾಲ ಇದ್ದ ವರ್ಷ ಕಳಕೊಂಡದ್ದು. ಯಾಕಂದ್ರ ಸೋಯಾಬೀನಿನ್ಯಾಗ ಎಣ್ಣಿ ಬರೂದು ನೂರಕ್ಕ 18ರ ಆಜೂಬಾಜೂ. ಉಳಿದದ್ದೆಲ್ಲಾ ಹಿಂಡಿ, ಕೋಳಿ-ದನದ ಮೇವಿಗೆ ಹೋಗೂದು. ಬ್ರೆಜಿಲ್, ಅರ್ಜೆಂಟೈನಾ, ಅಮೆರಿಕದಾಗ ಸೋಯಾ ಹೇರಳ ಬಂದು ಜಗತ್ತಿನ ತುಂಬ ಹಿಂಡಿ ರೇಟು ಬಿದ್ದಿತ್ತು. ನವಲಗುಂದದ ಕಾಳಿಗೆ ದರ ಕಟ್ಟೂದು ನವಲಗುಂದದಾಗ ಅಲ್ಲ. ಹಿಂಡಿ ಒಂದ ಬಿದ್ದಾಗ ಇಷ್ಟು ಹೋತು. ಈಗ ಎಣ್ಣೀನೂ ಬಿದ್ರ ಹೆಂಗ ಅಂತ ವೈನಿ ಕೇಳಿದ್ರ ನಾ ಏನ ಹೇಳಲಿ?

ನಮ್ಮ ಕಾಕು ಫೋನಿನ್ಯಾಗ ಅಂದ್ರು, "ಅಲ್ಲವಾ, ಇಷ್ಟು ದೊಡ್ಡ ದೇಶ, ಎಣ್ಣಿ ಹೊರಗಿಂದ ಯಾಕ ತರಬೇಕು?" ಕೇಳೂ ಮಾತ ಅದು. ನಾವು ತಿನ್ನೂ ಎಣ್ಣಿ ಒಳಗ ಅರ್ಧಕ್ಕಿಂತ ಹೆಚ್ಚು ಹಡಗಿನ್ಯಾಗ ಬರ್ತೈತಿ. ತಾಳೆ ಎಣ್ಣಿ ಇಂಡೋನೇಷ್ಯಾ, ಮಲೇಷ್ಯಾದಿಂದ; ಸೋಯಾ ಎಣ್ಣಿ ಅರ್ಜೆಂಟೈನಾ, ಬ್ರೆಜಿಲ್‌ದಿಂದ; ಸೂರ್ಯಕಾಂತಿ ರಶಿಯಾ, ಉಕ್ರೇನಿನಿಂದ. ನಾ ತಾಳೆ ಎಣ್ಣಿ ತರೂದ ಇಲ್ಲ ಅನಬ್ಯಾಡ್ರಿ. ಹುಡುಗೂರು ತಿನ್ನೂ ಬಿಸ್ಕೀಟು, ಚಿಪ್ಸು, ಬೇಕರಿ ಖಾರಾ ಪ್ಯಾಕೀಟು ತಿರುವಿ ಸಣ್ಣ ಅಕ್ಷರ ಓದ್ರಿ, ಅಲ್ಲೆ ಕುಂತಿರ್ತೈತಿ.

ಮೊದಲು ಹಿಂಗಿರಲಿಲ್ಲ. ನಮ್ಮ ಅವ್ವನ ಕಾಲಕ್ಕ ಮನ್ಯಾಗ ಕುಸುಬಿ ಎಣ್ಣಿ, ಹಬ್ಬಕ್ಕ ಶೇಂಗಾ ಎಣ್ಣಿ. ಹಿಂಗಾರಿ ಜ್ವಾಳದ ಹೊಲದ ಸುತ್ತ ಕುಸುಬಿ ಸಾಲು ಹಾಕ್ತಿದ್ರು. ಮುಳ್ಳಿನ ಗಿಡ, ದನ ಒಳಗ ಬರ್ತಿರಲಿಲ್ಲ. ಬೇಲಿಗೆ ಬೇಲಿ, ಎಣ್ಣಿಗೆ ಎಣ್ಣಿ. ಕೊಯ್ಯಾಗ ಕೈಗೆ ಅರಿಬಿ ಸುತಗೊಂಡು ಹೋಗೂದು, ಗಾಣಕ್ಕ ಕಾಳು ಹಾಕಿ ಎಣ್ಣಿ, ಹಿಂಡಿ ಎರಡೂ ತರೂದು, ಹಿಂಡಿ ಎಮ್ಮಿಗೆ. ಕುಸುಬಿ ಹಾಲಿನ ಹುಗ್ಗಿ ಉಂಡವರಿಗೆ ಅದರ ರುಚಿ ನಾ ಹೇಳಬೇಕಾಗಿಲ್ಲ.

ಸರ್ಕಾರನೂ ಒಂದ ಕಾಲಕ್ಕ ಈ ಕಡೆ ಮನಸ ಮಾಡಿತ್ತು. 1986ರಾಗ ಎಣ್ಣಿಕಾಳಿನ ತಂತ್ರಜ್ಞಾನ ಮಿಷನ್ ಅಂತ ಶುರು ಮಾಡಿದ್ರು. ಛಲೋ ಬೀಜ, ದರಕ್ಕ ಆಧಾರ, ಹೊರಗಿನ ಎಣ್ಣಿಗೆ ತಡಿ. ಎಂಟತ್ತು ವರ್ಷದಾಗ ದೇಶದ ಎಣ್ಣಿಕಾಳಿನ ಬೆಳಿ ಹತ್ತಿರ ಹತ್ತಿರ ಎರಡ ಪಟ್ಟು ಆತು. 90ರ ದಶಕದ ಮೊದಲಿಗೆ ನಮಗ ಬೇಕಾದ ಎಣ್ಣಿ ಬಹಳಷ್ಟು ನಾವ ಬೆಳೀತಿದ್ವಿ. ಸೂರ್ಯಕಾಂತಿ ಬೆಳಿಯೂದ್ರಾಗ ನಮ್ಮ ಕರ್ನಾಟಕನ ಮುಂದಿತ್ತು. ಆಮ್ಯಾಲ ಆರ್ಥಿಕ ಉದಾರೀಕರಣ ಬಂತು, 1995ರಾಗ ವಿಶ್ವ ವ್ಯಾಪಾರ ಸಂಸ್ಥೆ ಬಂತು. ಪಾಮೋಲಿನ್ ಯಾರ ಬೇಕಾದ್ರೂ ತರಸಬಹುದು ಅಂತ ಬಾಗಿಲು ತಗದ್ರು. ಮೊದಲು ನೂರಕ್ಕ 65 ಇದ್ದ ಸುಂಕ ನಾಕ ವರ್ಷದಾಗ 15ಕ್ಕ ಇಳೀತು. ಪಾಮೋಲಿನ್ ಸೋವಿ ಆತು. ಪ್ಯಾಟಿ ಮಂದಿಗೆ, ಬಡವರಿಗೆ ಕರಿದದ್ದು ತಿನ್ನೂದು ಸುಲಭ ಆತು, ಅದು ಸುಳ್ಳಲ್ಲ. ಆದ್ರ ಕುಸುಬಿ ಬೆಳಿಯೂವ್ರಿಗೆ ಮುಳ್ಳು ಚುಚ್ಚಿಸಿಕೊಂಡ ಕೂಲೀನೂ ಹುಟ್ಟಲಿಲ್ಲ. ಒಬ್ಬೊಬ್ಬರ ಬಿಟ್ರು. ಬೆಳಿ ಹೋದ ಮ್ಯಾಲ ಊರಾಗಿನ ಗಾಣ ನಿಂತ್ವು, ಗಾಣ ನಿಂತ ಮ್ಯಾಲ ಬೀಜ ಹೋತು.

ಬಾಗಿಲು ತಗದ ಮ್ಯಾಲ ದೂರದ ಗಾಳಿನೂ ಮನಿಯೊಳಗ ಬರ್ತೈತಿ. 2022ರ ಫೆಬ್ರವರಿ 24ಕ್ಕ ರಶಿಯಾ ಉಕ್ರೇನಿನ ಮ್ಯಾಲ ಯುದ್ಧಕ್ಕ ಹೋತು. ಆಗ ಜಗತ್ತಿಗೆ ಅತಿ ಹೆಚ್ಚು ಸೂರ್ಯಕಾಂತಿ ಎಣ್ಣಿ ಮಾರ್ತಿದ್ದದ್ದು ಉಕ್ರೇನ್, ಅದರ ಹಿಂದ ರಶಿಯಾ. ಹೊಡದಾಡೂವ್ರು ಅವರಿಬ್ಬರ, ಬಂದರು ಮುಚ್ಚಿದ್ದು ಕಪ್ಪು ಸಮುದ್ರದಾಗ, ಯುಗಾದಿ ಹೋಳಗಿ ಮುಂದ ಎಣ್ಣಿ ತುಟ್ಟಿ ಆದದ್ದು ನಮ್ಮ ಓಣ್ಯಾಗ. ಇನ್ನೇನ ತಾಳೆ ಎಣ್ಣಿ ಐತಲ್ಲಾ ಅನ್ನೂದ್ರಾಗ ಏಪ್ರಿಲ್ 28ಕ್ಕ ಇಂಡೋನೇಷ್ಯಾ ತಾಳೆ ಎಣ್ಣಿ ಹೊರಗ ಕಳಿಸೂದ ಬಂದ್ ಮಾಡಿತು. ಮೇ 23ರ ತನಕ ಕೊಡಲಿಲ್ಲ.

ಯಾಕ ಬಂದ್ ಮಾಡಿದ್ರು ಗೊತ್ತದ ಏನು? ಜಗತ್ತಿನ್ಯಾಗ ಅತಿ ಹೆಚ್ಚು ತಾಳೆ ಎಣ್ಣಿ ತಗಿಯೂ ಆ ದೇಶದಾಗ ಅಲ್ಲಿ ಹೆಂಗಸರಿಗೇ ಅಡಗಿಗೆ ಎಣ್ಣಿ ಸಿಗವಲ್ದಾಗಿತ್ತು! ಹೊರಗ ಛಲೋ ರೊಕ್ಕ ಬರ್ತಿತ್ತು, ಹಿಂಗಾಗಿ ಎಣ್ಣಿ ಎಲ್ಲಾ ಹೊರಗ ಹೊಂಟಿತ್ತು. ಕೈಯಾಗ ಡಬ್ಬಿ ಹಿಡಕೊಂಡು ತಾಸಗಟ್ಟಲೆ ಪಾಳಿ ಹಚ್ಚಿದ ಹೆಂಗಸರ ಫೋಟೋ ಆಗ ಪೇಪರಿನ್ಯಾಗ ಬಂದಿದ್ವು. ಆ ತಾಳೆ ತೋಟಗಳಾಗ ಗೊಬ್ಬರ ಹಾಕೂದು, ಕಸಕ್ಕ ಔಷಧ ಹೊಡಿಯೂದು ಬಹಳಷ್ಟು ಹೆಂಗಸರ ಕೆಲಸ, ದಿನಗೂಲಿ ಮ್ಯಾಲ. ಫೋಟೋದಾಗ ಪಾಳಿ ಹಚ್ಚಿದಾಕಿ ನಮ್ಮ ಭಜಿ ಅಕ್ಕನಂಗ, ತೋಟದಾಗ ಔಷಧದ ಡಬ್ಬಿ ಹೊತ್ತಾಕಿ ನಮ್ಮ ವೈನಿ ಹೊಲಕ್ಕ ಬರೂ ಆಳಿನಂಗ. ಭಾಷಾ ಬ್ಯಾರೆ, ಅಷ್ಟ.

ಇಷ್ಟೆಲ್ಲಾ ಓದಿ "ದರ ಏರ್ತೈತಿ, ಇಳೀತೈತಿ, ಎಲ್ಲಾರಿಗೂ ಒಂದ ಅಲ್ಲಾ?" ಅಂತ ಯಾರರ ಕೇಳಬಹುದು. ಒಂದ ಅಲ್ಲ. ಸರ್ಕಾರ 2023-24ರಾಗ ಮಾಡಿದ ಮನಿ ಖರ್ಚಿನ ಸಮೀಕ್ಷೆ ಪ್ರಕಾರ ಹಳ್ಳಿ ಮನ್ಯಾಗ ಖರ್ಚು ಮಾಡೂ ನೂರು ರೂಪಾಯಿದಾಗ 47 ರೂಪಾಯಿ ತಿನ್ನೂದಕ್ಕ ಹೋಗ್ತೈತಿ, ಪ್ಯಾಟ್ಯಾಗ 40ಕ್ಕಿಂತ ಒಂದಿಟು ಕಡಿಮಿ. ಅದು ಸರಾಸರಿ. ಮನಿ ಬಡದಾದಂಗ ಊಟದ ಪಾಲು ಏರ್ಕೋತ ಹೋಗ್ತೈತಿ. ನಾವು ಐದು ಲೀಟರ್ ಕ್ಯಾನು ತಂದು ರಿಯಾಯಿತಿ ತಗೋತೀವಿ. ದಿನಗೂಲಿ ಮನಿಯವರು ಕಾಲು ಲೀಟರ್, ಅರ್ಧಾ ಲೀಟರ್ ತಗೋತಾರ. ಲೆಕ್ಕಾ ಹಾಕಿದ್ರ ಲೀಟರಿಗೆ ನಮಗಿಂತ ಹೆಚ್ಚು ಕೊಟ್ಟಿರ್ತಾರ.

ಇನ್ನೊಂದು ಮಜಾ ನೋಡ್ರಿ. ಈಗ ಕಟ್ಟಿಗಿ ಗಾಣದ ಎಣ್ಣಿ ಮತ್ತ ಬಂದೈತಿ. ಗಾಜಿನ ಬಾಟ್ಲಿ, ಛಂದನ ಚೀಟಿ, ರಿಫೈಂಡ್ ಎಣ್ಣಿಗಿಂತ ಎರಡು-ಎರಡೂವರಿ ಪಟ್ಟು ದರ. ಡಾಕ್ಟರು ಹೇಳ್ಯಾರ ಅಂತ ಬಂಗಲೆ ಮಂದಿ ಒಯ್ಯತಾರ. ಅವ್ವನ ಕಾಲಕ್ಕ ಕುಸುಬಿ ಎಣ್ಣಿ ಬಡವರ ಎಣ್ಣಿ ಆಗಿತ್ತು, ಈಗ ಶ್ರೀಮಂತರದ್ದು ಆಗೇತಿ. ಬೆಳೀತಿದ್ದ ಮಂದಿ ಮನ್ಯಾಗ ಪಾಮೋಲಿನ್ ಪ್ಯಾಕೀಟು. ಪ್ರಗತಿ ಅಂದ್ರ ಎಲ್ಲಾರೂ ಒಂದು ಮೆಟ್ಟಲ ಮ್ಯಾಲ ಏರೂದು ಅಂತ ಸಾಲ್ಯಾಗ ಕಲತಿದ್ವಿ. ಇಲ್ಲಿ ಎಣ್ಣಿ ಮೆಟ್ಟಲ ಏರಿ ಹೋತು, ಬೆಳಿಯೂವ್ರು ಕೆಳಗ ಉಳದ್ರು.

ಹಂಗಂತ ಎಣ್ಣಿ ತುಟ್ಟಿ ಆಗಲಿ ಅಂತ ನಾ ಹೇಳಾಕ್ಹತ್ತಿಲ್ಲ. ತುಟ್ಟಿ ಮಾಡಿದ್ರ ಭಜಿ ಅಕ್ಕ ಸಾಯ್ತಾಳ, ಸೋವಿ ಮಾಡಿದ್ರ ವೈನಿ ಸಾಯ್ತಾರ. ಇಬ್ಬರು ಬಡ ಹೆಂಗಸರನ್ನ ಒಂದ ತಕ್ಕಡಿ ಎರಡೂ ಕಡೆ ಕುಂದರಿಸಿ, ಒಬ್ಬಾಕಿ ಏರಿದ್ರ ಇನ್ನೊಬ್ಬಾಕಿ ಇಳೀಬೇಕು ಅಂದ್ರ ಅದು ಲೆಕ್ಕ ಅಲ್ಲ. ಸುಂಕ ಅನ್ನೂದು ಒಂದ ಸೌಟು. ಒಂದ ಸೌಟಿನಿಂದ ಎರಡು ಪಾತೇಲಿ ತಿರುವಾಕ ಬರೂದಿಲ್ಲ. ವೈನಿಗೆ ಬೇಕಾದದ್ದು ಹೇಳಿದ ಬೆಂಬಲ ಬೆಲೆ ಹೇಳಿದ ದಿನಕ್ಕ ಕೈಗೆ ಬರೂದು, ಕಾಳು ಒಣಗೂ ತನಕ ಇಡಾಕ ಊರಾಗ ಒಂದು ಗೋದಾಮು. ಭಜಿ ಅಕ್ಕಗ, ದಿನಗೂಲಿ ಮನಿಗಳಿಗೆ ಬೇಕಾದದ್ದು ರೇಷನ್ನಿನ್ಯಾಗ ಅಕ್ಕಿ ಕೂಡ ಒಂದು ಪ್ಯಾಕೀಟು ಎಣ್ಣಿ. ಆ ಎಣ್ಣಿ ಇಲ್ಲೇ ಬೆಳೆದ ಕಾಳಿಂದ ಆದ್ರ ಇಬ್ಬರದೂ ಒಂದ ಗಂಟಿನ್ಯಾಗ ಮುಗೀತೈತಿ. 480 ರೂಪಾಯಿ ಉಳಿಸಿಕೊಳ್ಳೂ ನನ್ನಂಥಾಕಿಗೆ ಹತ್ತು ರೂಪಾಯಿ ಹೆಚ್ಚಾದ್ರೂ ನಡೀತೈತಿ. ಅದನ್ನ ನಮ್ಮಂಥವರ ಬಾಯಿ ಬಿಟ್ಟು ಹೇಳಬೇಕು. ಎಣ್ಣಿ ಸೋವಿ ಆತು ಅಂತ ಟಿವಿಯವರು ಹೇಳಿದಾಗ ಯಾರಿಗೆ ಅಂತ ಒಂದ ಮಾತ ಕೇಳಬೇಕು.

ವೈನಿ ಈ ಸಲ ಬಿತ್ತಿಗಿ ಹೆಂಗ ಮಾಡೂದಂತ ನಿನ್ನೆ ಹೇಳಿದ್ರು. ಎರಡು ಎಕರೆ ಗೋವಿನಜ್ವಾಳ, ಒಂದು ಎಕರೆ ಸೋಯಾ, ಒಂದು ಎಕರೆ ಹೆಸರು. "ಎಲ್ಲಾ ತತ್ತಿ ಒಂದ ಬುಟ್ಟ್ಯಾಗ ಇಡೂ ಧೈರ್ಯ ಇಲ್ಲವಾ ಈಗ." ಹೆಸರು ಕಿತ್ತ ಮ್ಯಾಲ ಹಿಂಗಾರಿಗೆ ಜ್ವಾಳ, ಸುತ್ತ ನಾಕ ಸಾಲು ಕುಸುಬಿ. ಮಾರಾಕಲ್ಲ, ಮನಿಗೆ.

ಈಗ ತೊಂದ್ರಿ ಅಂದ್ರ ಮನ್ಯಾಗ ಬೀಜ ಇಲ್ಲ. ನಿಮ್ಮೊಳಗ ಯಾರರ ಮನಿ ಗಡಿಗ್ಯಾಗ, ಅತ್ತಿ ಕಟ್ಟಿಟ್ಟ ಗಂಟಿನ್ಯಾಗ ಕುಸುಬಿ ಬೀಜ ಇದ್ರ ಎರಡು ಕಿಲೋ ಬೇಕಾಗೇತಿ. ರೊಕ್ಕ ಕೊಡ್ತಾರ, ಇಲ್ಲಾ ಬೆಳಿ ಬಂದ ಮ್ಯಾಲ ಬೀಜಕ್ಕ ಬೀಜ ಕೊಡ್ತಾರ. ಬಿತ್ತೂದು ಸೆಪ್ಟೆಂಬರ್ ಕಡೀಕ. ಅಷ್ಟರಾಗ ನಿಮ್ಮ ಅತ್ತ್ಯಾರಿಗೆ, ಅವ್ವಗ ಒಂದ ಫೋನ್ ಹಚ್ಚಿ ಕೇಳಿ ತಿಳಿಸ್ರಿ.