ಕತ್ತಿ ಬಿಟ್ಟ ಕೈ

ನಮ್ಮ ಮೊಸಳೆಯ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳಲ್ಲಿ ಉಳಿಯ ಕೆಲಸವನ್ನು ಕಣ್ಣು ಮೆಚ್ಚುತ್ತದೆ. ಗಡಿಯಾಚೆ ಮೀರಜಿನ ತಂಬೂರಿಯಲ್ಲಿ ಅದನ್ನು ಕಿವಿ ಮೆಚ್ಚಬೇಕು. ಸೋರೆ ಬುರುಡೆಯ ಬಾಯಿಗೆ ಮುಚ್ಚುವ ಮರದ ಹಲಗೆಗೆ ತಬಲಿ ಎನ್ನುತ್ತಾರೆ. ಅದನ್ನು ತುಸು ಉಬ್ಬಿರುವಂತೆ ಕೆತ್ತಿ ಹೆರೆಯಬೇಕು. ದಪ್ಪ ಉಳಿದರೆ ನಾದ ಮಂಕು. ಹೆಚ್ಚು ಹೆರೆದರೆ ತಂತಿಯ ಬಿಗಿತಕ್ಕೆ ಕುಸಿಯುತ್ತದೆ.

ಈ ಕಸುಬು ಶಿಕಲಗಾರ ಮುಸ್ಲಿಮರದು. ಉರ್ದುವಿನ 'ಸೈಖಲ್' ಎಂದರೆ ಲೋಹಕ್ಕೆ ಹೊಳಪು ಕೊಡುವುದು. ಹೆಸರು ಬಂದದ್ದು ಅಲ್ಲಿಂದ. ಹಿಂದೆ ಇವರು ಕತ್ತಿ ಮಸೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಕತ್ತಿಗೆ ಗಿರಾಕಿ ಇಲ್ಲವಾದಾಗ, 19ನೇ ಶತಮಾನದ ನಡುವಿನಲ್ಲಿ, ಫರೀದ್ ಸಾಹೇಬರು ತಂತಿವಾದ್ಯದತ್ತ ಹೊರಳಿದರು. 2024ರಲ್ಲಿ ಮೀರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ನಮ್ಮವರ ಚರಿತ್ರೆ ಎಂದರೆ ಬರೀ ಕತ್ತಿಯನ್ನೇ ತೋರಿಸುವವರಿದ್ದಾರೆ. ಅವರು ಕಛೇರಿಯಲ್ಲಿ ಗಾಯಕರ ಹಿಂದೆ ಮಿಡಿಯುವ ತಂಬೂರಿಗೂ ಒಮ್ಮೆ ಕಿವಿಗೊಡಲಿ.